ಇಳಿಜಾರು ಛಾವಣಿಯ ನಿಜವಾದ ಅಳತೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಹೆಂಚಿನ ಮನೆಗಳೂ, ವರ್ಜೀನಿಯಾ ತಂಬಾಕನ್ನು ಹದಮಾಡುವ ಎತ್ತರವಾದ ಬ್ಯಾರನ್‌ಗಳೂ ಕಣ್ಣಿಗೆ ಬೀಳುತ್ತವೆ. ಇವುಗಳ ಇಳಿಜಾರು ಛಾವಣಿಗೆ ಹೊಸದಾಗಿ ಹೆಂಚನ್ನೋ ತಗಡನ್ನೋ ಹೊದಿಸಬೇಕಾದರೆ ಎಷ್ಟು ಸಾಮಗ್ರಿ ಬೇಕು? ಲೆಕ್ಕ ತಪ್ಪಿದರೆ ರೈತನು ಮತ್ತೊಮ್ಮೆ ಸಾಗಣೆಯ ಬಾಡಿಗೆ ತೆರಬೇಕು.

ಇಂದು ಕಟ್ಟಡದ ನಕ್ಷೆಯನ್ನು ಗಣಕದಲ್ಲಿ ಆಟೋಕ್ಯಾಡ್‌ನಂತಹ ತಂತ್ರಾಂಶದಿಂದ ರಚಿಸುತ್ತಾರೆ. ಮೇಲಿನಿಂದ ನೋಡಿದಂತೆ ಬರೆದ ಚಪ್ಪಟೆ ನಕ್ಷೆಯ ವಿಸ್ತೀರ್ಣವನ್ನು ಕೇಳಿದರೆ ತಂತ್ರಾಂಶವು ಕ್ಷಣದಲ್ಲಿ ಉತ್ತರ ಕೊಡುತ್ತದೆ. ಆದರೆ ಅದು ಛಾವಣಿಯ ವಿಸ್ತೀರ್ಣವಲ್ಲ, ಅದರ ನೆರಳಿನದು. ನಮ್ಮ ಮೈಸೂರು ಸೀಮೆಯಲ್ಲಿ ಏಪ್ರಿಲ್ ಕಡೆಯ ಭಾಗದಲ್ಲೊಮ್ಮೆ, ಆಗಸ್ಟ್ ನಡುಭಾಗದಲ್ಲೊಮ್ಮೆ ಸೂರ್ಯನು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುವನಷ್ಟೆ. ಆಗ ನೆಲದ ಮೇಲೆ ಬೀಳುವ ಛಾವಣಿಯ ನೆರಳೂ ಈ ನಕ್ಷೆಯೂ ಒಂದೇ.

ಸೂರಿನ ಚಾಚು ಸೇರಿ 10 ಮೀಟರು ಉದ್ದ, 6 ಮೀಟರು ಅಗಲದ ಛಾವಣಿಯೊಂದನ್ನು ತೆಗೆದುಕೊಳ್ಳೋಣ. ನಕ್ಷೆಯಲ್ಲಿ ಇದು 60 ಚದರ ಮೀಟರು. ಸೂರಿನ ಮಟ್ಟದಿಂದ ಛಾವಣಿಯ ನೆತ್ತಿ 2.25 ಮೀಟರು ಎತ್ತರದಲ್ಲಿದೆ ಎನ್ನಿ. ಅಗಲದ ಅರ್ಧ 3 ಮೀಟರು. ಪೈಥಾಗೊರಸನ ಪ್ರಮೇಯದಂತೆ ಇಳಿಜಾರಿನ ಉದ್ದ, ಅಂದರೆ ಕರ್ಣ, 3.75 ಮೀಟರು. ಎರಡು ಪಕ್ಕಗಳೂ ಸೇರಿ 75 ಚದರ ಮೀಟರು. ನಕ್ಷೆಯನ್ನೇ ನಂಬಿದವನಿಗೆ 15 ಚದರ ಮೀಟರಿನಷ್ಟು ಹೊದಿಕೆ ಸಾಲದೆ ಹೋಗುತ್ತದೆ.

ನಕ್ಷೆಯ ವಿಸ್ತೀರ್ಣವನ್ನು ಇಳಿಜಾರು ಕೋನದ ಕೊಸೈನಿನಿಂದ ಭಾಗಿಸಿದರೂ ಇದೇ ಉತ್ತರ ಬರುತ್ತದೆ. ಇಲ್ಲಿ ಕೋನವು ಸುಮಾರು 37°, ಕೊಸೈನ್ 0.8. ಇದರಲ್ಲೊಂದು ಸೊಗಸಿದೆ. ಅದೇ ಕೋನದಲ್ಲಿ ನಾಲ್ಕು ಕಡೆಗೂ ಇಳಿಜಾರು ಕೊಟ್ಟರೂ ವಿಸ್ತೀರ್ಣವು 75 ಚದರ ಮೀಟರೇ! ಎರಡು ತ್ರಿಭುಜ, ಎರಡು ತ್ರಾಪಿಜ್ಯಗಳನ್ನು ಕೂಡಿ ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಮರದ ಲೆಕ್ಕ ಮಾತ್ರ ಬೇರೆ. ಮೂಲೆಯಿಂದ ನೆತ್ತಿಗೆ ಏರುವ ಓರೆಮರವು ನಕ್ಷೆಯಲ್ಲಿ 4.24 ಮೀಟರು ಕಂಡರೂ ನಿಜವಾಗಿ 4.80 ಮೀಟರು ಇರುತ್ತದೆ.

ಸ್ಕೆಚ್‌ಅಪ್‌ನಂತಹ ತಂತ್ರಾಂಶದಲ್ಲಿ ಛಾವಣಿಯನ್ನು ಎತ್ತರಸಹಿತ ರಚಿಸಿ, ಓರೆಯಾದ ಮುಖವನ್ನೇ ಆರಿಸಿದರೆ ನಿಜವಾದ ವಿಸ್ತೀರ್ಣ ದೊರೆಯುತ್ತದೆ. ಆದರೆ ಎತ್ತರವನ್ನು ಸ್ಥಳದಲ್ಲೇ ಟೇಪು ಹಿಡಿದು ಅಳೆಯಬೇಕು, ಕಣ್ಣಂದಾಜು ಸಾಲದು. 37° ಇರುವುದನ್ನು 32° ಎಂದು ಕೊಟ್ಟರೆ ಗಣಕವು ನಿಸ್ಸಂಕೋಚವಾಗಿ ಸುಮಾರು 71 ಎಂದು ಹೇಳಿಬಿಡುತ್ತದೆ. ಇನ್ನು ಹೆಂಚುಗಳು ಒಂದರ ಮೇಲೊಂದು ಒರಗುವುದರಿಂದ, ಒಂದು ಹೆಂಚಿನ ಪೂರ್ಣ ಅಳತೆಯನ್ನು ಬಿಟ್ಟು, ಹೊದಿಸಿದ ಮೇಲೆ ಹೊರಗೆ ಕಾಣುವ ಭಾಗದಿಂದಲೇ ಈ 75ನ್ನು ಭಾಗಿಸಬೇಕು.