ಅಮೆರಿಕಾದ ಕೃಷ್ಣವರ್ಣೀಯ ಸ್ತ್ರೀಯರ ಸ್ವಾಸ್ಥ್ಯಸಾಧನೆ

೧

ಆರೋಗ್ಯ, ಸ್ವಾಸ್ಥ್ಯ ಎಂಬ ಎರಡು ಮಾತುಗಳೂ ರೂಢಿಯಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ವ್ಯುತ್ಪತ್ತಿಯನ್ನು ವಿಚಾರಿಸಿದರೆ ಇವುಗಳಿಗೆ ಅಂತರವುಂಟು. ರೋಗವಿಲ್ಲದಿರುವಿಕೆ ಆರೋಗ್ಯ, ತನ್ನಲ್ಲಿ ತಾನು ನೆಲೆನಿಂತಿರುವಿಕೆ ಸ್ವಾಸ್ಥ್ಯ. ಮೊದಲನೆಯದು ಒಂದು ಅಭಾವವನ್ನು ಹೇಳುತ್ತದೆ. ಎರಡನೆಯದು ಒಂದು ಸ್ಥಿತಿಯನ್ನು ಹೇಳುತ್ತದೆ. ಸುಶ್ರುತಸಂಹಿತೆಯಲ್ಲಿ ಸ್ವಸ್ಥನ ಲಕ್ಷಣವನ್ನು ನಿರೂಪಿಸುವಾಗ ದೋಷಧಾತುಗಳ ಸಾಮ್ಯದೊಡನೆ ಆತ್ಮೇಂದ್ರಿಯಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿರುವುದು ಈ ಅರ್ಥಕ್ಕೆ ಅನುಗುಣವಾಗಿಯೇ ಇದೆ.

ಹಾಗಾದರೆ ಯಾರ ಶರೀರವು ರಾಜಶಾಸನದ ಪ್ರಕಾರವೇ ಪರರ ಸೊತ್ತಾಗಿದ್ದಿತೋ ಅವರಿಗೆ ಸ್ವಾಸ್ಥ್ಯವು ಸಿದ್ಧಿಸುವ ಬಗೆ ಹೇಗೆ? ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಕೃಷ್ಣವರ್ಣೀಯ ಸ್ತ್ರೀಯರ ಆರೋಗ್ಯದ ಚರಿತ್ರೆಯು ಈ ಪ್ರಶ್ನೆಗೆ ಒಂದು ದೀರ್ಘವಾದ ಉತ್ತರವಾಗಿದೆ. ಇಂದು ಆ ದೇಶದಲ್ಲಿ ಸ್ವಶುಶ್ರೂಷೆ, ಆತ್ಮಬಲ ಎಂಬ ಮಾತುಗಳು ಗಂಧತೈಲಗಳನ್ನೂ ಸ್ನಾನದ್ರವ್ಯಗಳನ್ನೂ ಮಾರುವ ವರ್ತಕರ ಬಾಯಲ್ಲಿಯೂ ಧಾರಾಳವಾಗಿ ಕೇಳಬರುತ್ತವೆ. ಕೃಷ್ಣವರ್ಣೀಯ ಸ್ತ್ರೀಯರು ಆ ಮಾತುಗಳಿಗೆ ಕೊಟ್ಟ ಅರ್ಥವೇನೆಂಬುದು ಮೇಲೆ ಹೇಳಿದ ಚರಿತ್ರೆಯನ್ನು ಮೊದಲಿನಿಂದ ನೋಡಿದವರಿಗಲ್ಲದೆ ತಿಳಿಯಲಾರದು.

೨

ಅಲಬಾಮಾ ಸಂಸ್ಥಾನದ ಮಾಂಟ್ಗೊಮೆರಿ ಪಟ್ಟಣದಲ್ಲಿ ಜೇಮ್ಸ್ ಮೇರಿಯನ್ ಸಿಮ್ಸ್ ಎಂಬ ವೈದ್ಯನು ೧೮೪೫ರಿಂದ ೧೮೪೯ರವರೆಗೆ ದಾಸಿಯರ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗಗಳನ್ನು ನಡೆಸಿದನು. ಕಷ್ಟಪ್ರಸವದಿಂದ ಮೂತ್ರಾಶಯಕ್ಕೂ ಯೋನಿಮಾರ್ಗಕ್ಕೂ ನಡುವೆ ರಂಧ್ರವುಂಟಾಗಿ ಮೂತ್ರವು ಹಗಲಿರುಳೂ ಸ್ರವಿಸುವ ಘೋರವಾದ ವ್ಯಾಧಿಗೆ ಅವನು ಉಪಾಯವನ್ನು ಹುಡುಕುತ್ತಿದ್ದನು. ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಮೂವರ ಹೆಸರುಗಳು ಅವನ ಬರಹಗಳಿಂದಲೇ ತಿಳಿದುಬಂದಿವೆ. ಅನಾರ್ಕಾ ಎಂಬ ಒಬ್ಬಳ ಮೇಲೆಯೇ ಮೂವತ್ತು ಬಾರಿ ಶಸ್ತ್ರಕ್ರಿಯೆ ನಡೆಯಿತು. ಈಥರಿನಿಂದ ನೋವನ್ನು ಮರೆಯಿಸುವ ಕ್ರಮವು ೧೮೪೬ರಲ್ಲಿ ಬೋಸ್ಟನ್ ನಗರದಲ್ಲಿ ಪ್ರಕಟವಾಗಿದ್ದರೂ ಈ ಸ್ತ್ರೀಯರಿಗೆ ಅದು ದೊರೆಯಲಿಲ್ಲ. ಶಸ್ತ್ರಕ್ರಿಯೆಗೆ ಬೇಕಾದ ಸಮ್ಮತಿಯನ್ನು ಕೊಡತಕ್ಕವರು ಒಡೆಯರು. ನೋವನ್ನು ತಿನ್ನತಕ್ಕವರು ದಾಸಿಯರು.

ಈ ವೃತ್ತಾಂತದಲ್ಲಿ ಬಹುಕಾಲ ಗಮನಕ್ಕೆ ಬಾರದಿದ್ದ ಇನ್ನೊಂದಂಶವಿದೆ. ಪ್ರಯೋಗಗಳು ಪದೇ ಪದೇ ವಿಫಲವಾಗಲು ಸಿಮ್ಸನ ಜೊತೆಗಿದ್ದ ವೈದ್ಯರು ಅವನನ್ನು ಬಿಟ್ಟುಹೋದರು. ಆಗ ಆ ದಾಸಿಯರೇ ಒಬ್ಬರ ಚಿಕಿತ್ಸೆಯಲ್ಲಿ ಇನ್ನೊಬ್ಬರು ಸಹಾಯಕರಾಗಿ ನಿಂತರು. ಶಸ್ತ್ರಕ್ರಿಯೆಯನ್ನು ದೇಹದಿಂದ ಬಲ್ಲವರೂ ಅವರೇ, ಕೈಯಿಂದ ಬಲ್ಲವರೂ ಅವರೇ. ಆದರೂ ಕೀರ್ತಿಯು ವೈದ್ಯನದಾಯಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿದ್ದ ಅವನ ಪ್ರತಿಮೆಯನ್ನು ೨೦೧೮ರಲ್ಲಿ ತೆಗೆದುಹಾಕಲಾಯಿತು. ಮಾಂಟ್ಗೊಮೆರಿಯಲ್ಲಿ ಮಿಶೆಲ್ ಬ್ರೌಡರ್ ಎಂಬ ಕಲಾವಿದೆಯು ಲೋಹದಿಂದ ರಚಿಸಿದ ಆ ಮೂವರು ಸ್ತ್ರೀಯರ ಪ್ರತಿಮೆಗಳು ೨೦೨೧ರಲ್ಲಿ ಅನಾವರಣಗೊಂಡುವು. ‘ಸ್ತ್ರೀರೋಗಶಾಸ್ತ್ರದ ತಾಯಂದಿರು’ ಎಂಬುದು ಆ ಸ್ಮಾರಕದ ಹೆಸರು.

೩

೧೮೬೫ರಲ್ಲಿ ದಾಸ್ಯವು ಶಾಸನದಿಂದ ರದ್ದಾಯಿತು. ಅದಕ್ಕೆ ಒಂದು ವರ್ಷ ಮೊದಲೇ ರೆಬೆಕಾ ಲೀ ಕ್ರಂಪ್ಲರ್ ಎಂಬವರು ಬೋಸ್ಟನ್ನಿನ ಮಹಿಳಾ ವೈದ್ಯವಿದ್ಯಾಲಯದಲ್ಲಿ ಪದವಿಯನ್ನು ಪಡೆದಿದ್ದರು. ಆ ದೇಶದಲ್ಲಿ ವೈದ್ಯಪದವಿಯನ್ನು ಪಡೆದ ಕೃಷ್ಣವರ್ಣೀಯ ಸ್ತ್ರೀಯರಲ್ಲಿ ಇವರೇ ಮೊದಲಿಗರು. ರೋಗಿಗಳ ಸೇವೆ ಮಾಡುತ್ತಿದ್ದ ಬಂಧುವೊಬ್ಬರ ಆಶ್ರಯದಲ್ಲಿ ಬೆಳೆದ ಇವರು ಎಂಟು ವರ್ಷ ದಾದಿಯಾಗಿ ದುಡಿದು ಬಳಿಕ ಶಾಸ್ತ್ರವನ್ನು ಕಲಿತವರು. ಅಂತರ್ಯುದ್ಧವು ಮುಗಿದ ಮೇಲೆ ವರ್ಜೀನಿಯಾದ ರಿಚ್ಮಂಡ್ ನಗರಕ್ಕೆ ಹೋಗಿ ಬಿಡುಗಡೆ ಹೊಂದಿದ ಜನರಿಗೆ ಚಿಕಿತ್ಸೆ ಮಾಡಿದರು. ೧೮೮೩ರಲ್ಲಿ ಇವರು ಪ್ರಕಟಿಸಿದ ವೈದ್ಯಗ್ರಂಥವು ಪಂಡಿತರಿಗಾಗಿ ಬರೆದುದಲ್ಲ; ತಾಯಂದಿರೂ ದಾದಿಯರೂ ಓದಿ ಶಿಶುಗಳನ್ನೂ ತಮ್ಮನ್ನೂ ಕಾಪಾಡಿಕೊಳ್ಳಲೆಂಬುದು ಅದರ ಉದ್ದೇಶ.

ಶಾಲೆಯ ವಿದ್ಯೆ ಹೀಗೆ ಒಬ್ಬಿಬ್ಬರಿಗೆ ದೊರೆಯುತ್ತಿದ್ದ ಕಾಲದಲ್ಲಿ ದಕ್ಷಿಣದ ಹಳ್ಳಿಗಳ ಆರೋಗ್ಯವು ನಿಂತಿದ್ದುದು ಸೂಲಗಿತ್ತಿಯರ ಮೇಲೆ. ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬಂದ ವಿದ್ಯೆ ಅದು. ಸೂಲಗಿತ್ತಿಯು ಮಗುವನ್ನು ಹಿಡಿದು ಹೊರಟುಹೋಗುತ್ತಿರಲಿಲ್ಲ. ಬಾಣಂತಿಗೆ ಅಡಿಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಉಳಿದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ೧೯೨೧ರ ಶೆಪರ್ಡ್-ಟೌನರ್ ಶಾಸನದ ಹಣದಿಂದ ಅನೇಕ ಸಂಸ್ಥಾನಗಳು ಸೂಲಗಿತ್ತಿಯರಿಗೆ ಶಿಕ್ಷಣವನ್ನು ಕೊಡತೊಡಗಿದುವು. ಶುಚಿಯಾದ ಚೀಲ, ಬಿಳಿಯ ಮೇಲುಡುಗೆ, ಹುಟ್ಟಿದ ಮಗುವಿನ ಕಣ್ಣಿಗೆ ಹಾಕುವ ಔಷಧದ ಹನಿ ಮುಂತಾದ ನಿಯಮಗಳು ಬಂದುವು. ಅವುಗಳೊಡನೆಯೇ ಅಧಿಕಾರಿಗಳ ತನಿಖೆಯೂ ಬಂದಿತು. ಜಾರ್ಜಿಯಾದ ಮೇರಿ ಕೋಲಿ ಎಂಬ ಸೂಲಗಿತ್ತಿಯ ಕಾರ್ಯಕ್ರಮವನ್ನು ೧೯೫೩ರಲ್ಲಿ ಚಲಚ್ಚಿತ್ರವಾಗಿ ತೆಗೆದು ಇತರರಿಗೆ ಪಾಠವಾಗಿ ತೋರಿಸಿದರು. ಆದರೆ ಕಲಿಸಿದ ಸರ್ಕಾರಗಳೇ ಕ್ರಮೇಣ ಈ ವೃತ್ತಿಯನ್ನು ಮುಚ್ಚುತ್ತ ಬಂದುವು. ಅಲಬಾಮಾದಲ್ಲಿ ೧೯೭೬ರ ಶಾಸನದಿಂದ ಅದು ನಿಂತುಹೋಯಿತು. ಅಶುಚಿಯು ಹೋಯಿತೆಂಬುದು ದಿಟ. ಹೆರಿಗೆಯ ಮನೆಯಲ್ಲಿ ತಮ್ಮವಳೊಬ್ಬಳು ಇರುವಳೆಂಬ ಧೈರ್ಯವೂ ಅದರೊಡನೆ ಹೋಯಿತು.

ವಿದ್ಯಾವಂತೆಯರೂ ಹಳ್ಳಿಯವರೂ ಒಂದುಗೂಡಿದುದಕ್ಕೆ ಮಿಸಿಸಿಪಿಯ ಆರೋಗ್ಯ ಯೋಜನೆಯು ಉತ್ತಮವಾದ ನಿದರ್ಶನ. ೧೯೦೮ರಲ್ಲಿ ಹಾವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಆಲ್ಫಾ ಕ್ಯಾಪಾ ಆಲ್ಫಾ ಎಂಬ ವಿದ್ಯಾರ್ಥಿನಿಯರ ಸಂಘವು ಡಾಕ್ಟರ್ ಡೊರೊತಿ ಬೋಲ್ಡಿಂಗ್ ಫೆರಿಬೀ ಅವರ ನೇತೃತ್ವದಲ್ಲಿ ೧೯೩೫ರಿಂದ ೧೯೪೨ರವರೆಗೆ ಬೇಸಗೆಗಳಲ್ಲಿ ಇದನ್ನು ನಡೆಸಿತು. ಕೂಲಿಗಳು ಚಿಕಿತ್ಸಾಲಯಕ್ಕೆ ಹೋಗುವುದನ್ನು ತೋಟಗಳ ಒಡೆಯರು ತಡೆಯಲು, ಈ ಸ್ತ್ರೀಯರು ಔಷಧಗಳನ್ನು ತಮ್ಮ ಮೋಟಾರು ಗಾಡಿಗಳಲ್ಲಿ ತುಂಬಿಕೊಂಡು ತೋಟಗಳಿಗೇ ಹೋದರು. ಸಿಡುಬಿಗೂ ಗಂಟಲಮಾರಿಗೂ ಮಕ್ಕಳಿಗೆ ಲಸಿಕೆ ಹಾಕಿದರು.

೪

ಶರೀರದ ಮೇಲಣ ಅಧಿಕಾರವು ದಾಸ್ಯದೊಡನೆ ಅಳಿದ ಪ್ರಶ್ನೆಯಲ್ಲವೆಂಬುದು ಇಪ್ಪತ್ತನೆಯ ಶತಮಾನದಲ್ಲಿಯೂ ಕಂಡುಬಂದಿತು. ಮಿಸಿಸಿಪಿಯ ಹತ್ತಿ ಹೊಲದ ಕೂಲಿಯಾಗಿದ್ದ ಫ್ಯಾನಿ ಲೂ ಹೇಮರ್ ಅವರು ೧೯೬೧ರಲ್ಲಿ ಒಂದು ಗಡ್ಡೆಯನ್ನು ತೆಗೆಯಿಸಿಕೊಳ್ಳಲು ಆಸ್ಪತ್ರೆಗೆ ಹೋದರು. ಅವರನ್ನು ಕೇಳದೆಯೇ ಗರ್ಭಕೋಶವನ್ನು ತೆಗೆದುಬಿಟ್ಟರು. ಆ ಸೀಮೆಯಲ್ಲಿ ಇದು ಎಷ್ಟು ಸಾಮಾನ್ಯವಾಗಿದ್ದಿತೆಂದರೆ ಜನರು ಇದನ್ನು ‘ಮಿಸಿಸಿಪಿಯ ಅಪೆಂಡಿಕ್ಸ್ ಶಸ್ತ್ರಕ್ರಿಯೆ’ ಎಂದು ಕಹಿಯಾಗಿ ಕರೆಯುತ್ತಿದ್ದರು. ೧೯೭೩ರಲ್ಲಿ ಮಾಂಟ್ಗೊಮೆರಿಯಲ್ಲಿಯೇ ಹದಿನಾಲ್ಕು ಮತ್ತು ಹನ್ನೆರಡು ವರ್ಷದ ಇಬ್ಬರು ಸೋದರಿಯರಿಗೆ ಮಕ್ಕಳಾಗದಂತೆ ಶಸ್ತ್ರಕ್ರಿಯೆ ಮಾಡಲಾಯಿತು. ಓದುಬಾರದ ತಾಯಿಯು, ಏನೋ ಚುಚ್ಚುಮದ್ದಿಗಾಗಿ ಎಂದು ತಿಳಿದು, ಕಾಗದದ ಮೇಲೆ ಗೀಟು ಎಳೆದಿದ್ದಳು. ಈ ವಿಷಯವಾಗಿ ನಡೆದ ಮೊಕದ್ದಮೆಯ ಫಲವಾಗಿ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಸರ್ಕಾರದ ಹಣದಿಂದ ಇಂತಹ ಶಸ್ತ್ರಕ್ರಿಯೆ ನಡೆಯಕೂಡದೆಂಬ ನಿಯಮಗಳು ಮುಂದೆ ಏರ್ಪಟ್ಟುವು.

ಹೇಮರ್ ಅವರ ಮುಂದಿನ ಜೀವಿತವು ವಿಚಾರಾರ್ಹವಾಗಿದೆ. ೧೯೬೨ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದುದಕ್ಕಾಗಿ ಅವರು ಇದ್ದ ತೋಟದಿಂದ ಹೊರದೂಡಲ್ಪಟ್ಟರು. ೧೯೬೯ರಲ್ಲಿ ಬಡವರಿಗಾಗಿ ಒಂದು ಸಹಕಾರಿ ಬೇಸಾಯದ ಕ್ಷೇತ್ರವನ್ನು ಸ್ಥಾಪಿಸಿದರು, ತರಕಾರಿ ಬೆಳೆಯಿಸಿದರು, ಬಡ ಕುಟುಂಬಕ್ಕೆ ಒಂದು ಹಂದಿಯನ್ನು ಕೊಟ್ಟು, ಅದು ಈದ ಮರಿಗಳಲ್ಲಿ ಕೆಲವನ್ನು ಹಿಂದಕ್ಕೆ ಪಡೆದು ಇನ್ನೊಂದು ಕುಟುಂಬಕ್ಕೆ ಕೊಡುವ ಏರ್ಪಾಡು ಮಾಡಿದರು. ಮತ, ಭೂಮಿ, ಆಹಾರ ಇವು ಮೂರೂ ಅವರ ಎಣಿಕೆಯಲ್ಲಿ ಒಂದೇ ಚಿಕಿತ್ಸೆಯ ಅಂಗಗಳು. ಆದರೆ ಇತರರಿಗಾಗಿ ಇಷ್ಟು ದುಡಿದ ಅವರು ೧೯೭೭ರಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ತನದ ಅರ್ಬುದರೋಗದಿಂದ ನರಳಿ ತೀರಿಕೊಂಡರು.

೫

ಪರರಿಗೆ ಆಸರೆಯಾದವಳಿಗೆ ಆಸರೆ ಯಾರು? ಈ ಪ್ರಶ್ನೆಯನ್ನು ಎತ್ತಿಕೊಂಡವರು ಬಿಲೈ ಏವರಿ. ಅವರ ಪತಿಯು ೧೯೭೦ರಲ್ಲಿ ಮೂವತ್ತಮೂರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಮಡಿದರು. ವಿದ್ಯಾವಂತರಾದ ದಂಪತಿಗಳಿಗೂ ರಕ್ತದ ಒತ್ತಡದ ವಿಷಯವಾಗಿ ತಿಳಿದಿದ್ದುದು ಅತ್ಯಲ್ಪವೆಂಬುದು ಏವರಿಯವರಿಗೆ ಆಗ ಅರಿವಾಯಿತು. ಫ್ಲಾರಿಡಾದ ಗೇನ್ಸ್‌ವಿಲ್ಲಿನಲ್ಲಿ ೧೯೭೪ರಲ್ಲಿ ಸ್ತ್ರೀಯರ ಚಿಕಿತ್ಸಾಲಯವೊಂದನ್ನೂ ೧೯೭೮ರಲ್ಲಿ ಹೆರಿಗೆಮನೆಯೊಂದನ್ನೂ ಗೆಳತಿಯರೊಡನೆ ಸ್ಥಾಪಿಸಿದ ಬಳಿಕ ಅವರು ಅಟ್ಲಾಂಟಾ ನಗರಕ್ಕೆ ಬಂದು ಕೃಷ್ಣವರ್ಣೀಯ ಸ್ತ್ರೀಯರ ರಾಷ್ಟ್ರೀಯ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ೧೯೮೩ರ ಜೂನಿನಲ್ಲಿ ಸ್ಪೆಲ್ಮನ್ ಕಾಲೇಜಿನಲ್ಲಿ ನೆರೆದ ಅದರ ಮೊದಲ ಸಮ್ಮೇಳನಕ್ಕೆ ಸಾವಿರಕ್ಕೂ ಹೆಚ್ಚು ಸ್ತ್ರೀಯರು ಬಂದರು. ೨೦೦೨ರಿಂದ ಆ ಸಂಸ್ಥೆಯು ಹೊಸ ಹೆಸರಿನಿಂದ ನಡೆಯುತ್ತಿದೆ.

ಈ ಯೋಜನೆಯ ಜೀವಾಳವೆಂದರೆ ಸ್ವಸಹಾಯದ ಕೂಟಗಳು. ಕೆಲವರು ಸ್ತ್ರೀಯರು ಒಂದೆಡೆ ದುಂಡಗೆ ಕುಳಿತುಕೊಳ್ಳುವರು. ಒಬ್ಬೊಬ್ಬರಾಗಿ ತಮ್ಮ ಬಾಳಿನ ಕಥೆಯನ್ನು ಹೇಳುವರು, ಉಳಿದವರು ಕೇಳುವರು. ಏವರಿಯವರೂ ಅವರ ಸಂಗಡಿಗರಾದ ಲಿಲಿ ಆಲೆನ್ ಅವರೂ ಕಂಡುಕೊಂಡುದೇನೆಂದರೆ, ಪಥ್ಯ, ನಡಿಗೆ, ರಕ್ತದ ಒತ್ತಡದ ಪರೀಕ್ಷೆ ಇವುಗಳ ಮಾತು ಎತ್ತುವುದಕ್ಕೆ ಮೊದಲು ಮೌನವು ಒಡೆಯಬೇಕು. ಮನೆಯೊಳಗಿನ ಹೊಡೆತ, ಬಾಲ್ಯದಲ್ಲಿ ನಡೆದ ಅತ್ಯಾಚಾರ, ಹಗಲಿರುಳಿನ ದುಡಿಮೆ, ಯಾರಿಗೂ ಹೇಳದ ದುಃಖ ಇವು ಹೊರಬಂದಲ್ಲದೆ ಔಷಧವು ಹತ್ತದು. ಕೃಷ್ಣವರ್ಣೀಯ ಸ್ತ್ರೀಯು ಎಂತಹ ಭಾರವನ್ನಾದರೂ ಹೊರಬಲ್ಲಳೆಂಬ ಹೊಗಳಿಕೆಯೇ ಒಂದು ರೋಗಕಾರಣವೆಂಬುದು ಈ ಕೂಟಗಳ ಅನುಭವ. ಷೆರಿಲ್ ವುಡ್ಸ್ ಜಿಸ್ಕೊಂಬೆ ಎಂಬ ವಿದುಷಿಯು ೨೦೧೦ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದೇ ಕಡೆಗೆ ಕೈ ತೋರುತ್ತದೆ. ಬಲವನ್ನು ಪ್ರದರ್ಶಿಸಲೇಬೇಕೆಂಬ ಕಟ್ಟು, ಭಾವನೆಗಳನ್ನು ಅದುಮಿಡುವಿಕೆ, ಪರರ ಸಹಾಯವನ್ನು ಒಲ್ಲೆನೆನ್ನುವಿಕೆ ಇವನ್ನು ಅವರು ಅದರಲ್ಲಿ ವಿವರಿಸಿದ್ದಾರೆ.

ಇದೇ ಕಾಲದಲ್ಲಿ ಕವಯಿತ್ರಿ ಆಡ್ರೆ ಲಾರ್ಡ್ ಅವರು ತಮ್ಮ ಅರ್ಬುದರೋಗದ ವಿಷಯವಾಗಿ ೧೯೮೦ರಲ್ಲಿಯೂ ೧೯೮೮ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆಯಿಂದ ಸ್ತನವನ್ನು ಕಳೆದುಕೊಂಡ ಅವರು ಅದನ್ನು ಮರೆಮಾಚಲು ಕೃತಕವಾದುದನ್ನು ಧರಿಸಲು ಒಪ್ಪಲಿಲ್ಲ. ತನ್ನನ್ನು ಅಳಿಸಲು ಹವಣಿಸುವ ಲೋಕದಲ್ಲಿ ತನ್ನನ್ನು ಉಳಿಸಿಕೊಳ್ಳುವುದು ಭೋಗವಲ್ಲ, ಹೋರಾಟದ ಒಂದು ಅಂಗ ಎಂಬುದು ಅವರ ಅಭಿಪ್ರಾಯದ ಸಾರ.

೬

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಸ್ತ್ರೀಯರು ತಮ್ಮನ್ನು ತಾವು ನೋಡಿಕೊಂಡರೆ ಎಲ್ಲವೂ ಸರಿಹೋಗುವುದಾದರೆ ರೋಗವು ಅವರ ಅಜಾಗರೂಕತೆಯ ಫಲವೆಂದಾಗಲಿಲ್ಲವೇ? ಸ್ವಶುಶ್ರೂಷೆಯ ಉಪದೇಶವು ನೊಂದವಳ ತಲೆಯ ಮೇಲೆಯೇ ಮತ್ತೊಂದು ಹೊರೆಯನ್ನು ಹೊರಿಸಿದಂತಾಗಲಿಲ್ಲವೇ?

ಈ ಆಕ್ಷೇಪಕ್ಕೆ ಬಲವಿದೆ. ೨೦೨೩ರಲ್ಲಿ ಆ ದೇಶದ ಪ್ರತಿ ಒಂದು ಲಕ್ಷ ಸಜೀವಜನನಗಳಿಗೆ ಮರಣಹೊಂದಿದ ತಾಯಂದಿರ ಸಂಖ್ಯೆಯು ಶ್ವೇತವರ್ಣೀಯರಲ್ಲಿ ೧೪.೫, ಕೃಷ್ಣವರ್ಣೀಯರಲ್ಲಿ ೫೦.೩. ವಿದ್ಯೆಯಿಂದ ಈ ಅಂತರವು ಅಳಿಯುವುದೆಂದರೆ ಅದೂ ಇಲ್ಲ. ೨೦೦೭ರಿಂದ ೨೦೧೬ರವರೆಗಿನ ಲೆಕ್ಕದಂತೆ, ಕಾಲೇಜಿನ ಪದವಿ ಪಡೆದವರಲ್ಲಿಯೇ ಕೃಷ್ಣವರ್ಣೀಯರ ಮರಣಪ್ರಮಾಣವು ಶ್ವೇತವರ್ಣೀಯರದಕ್ಕಿಂತ ಐದು ಪಟ್ಟಿಗೂ ಮಿಕ್ಕಿತ್ತು. ಆರ್ಲಿನ್ ಜೆರೋನಿಮಸ್ ಎಂಬ ವಿದುಷಿಯು ೧೯೯೨ರಲ್ಲಿ ಇದಕ್ಕೊಂದು ಕಾರಣವನ್ನು ಸೂಚಿಸಿದರು. ಗಾಳಿ ಮಳೆಗೆ ಸಿಕ್ಕಿದ ಕಲ್ಲು ಸವೆಯುವಂತೆ, ಬಾಳಿನುದ್ದಕ್ಕೂ ಬೀಳುವ ಅವಮಾನ, ಅಭಾವಗಳ ಹೊಡೆತದಿಂದ ಶರೀರವು ವಯಸ್ಸಿಗೆ ಮೊದಲೇ ಸವೆಯುವುದೆಂಬುದು ಅವರ ವಾದ. ಈ ಸವೆತವನ್ನು ಗಂಧತೈಲವು ನಿಲ್ಲಿಸಲಾರದು.

ಹೀಗಿದ್ದರೂ ಆಕ್ಷೇಪವು ತಾಗುವುದು ವರ್ತಕರ ಸ್ವಶುಶ್ರೂಷೆಗೇ ಹೊರತು ಏವರಿ, ಲಾರ್ಡ್ ಮೊದಲಾದವರ ಸ್ವಶುಶ್ರೂಷೆಗಲ್ಲ. ಇವರ ಮಾರ್ಗದಲ್ಲಿ ಕೂಟದ ಮಾತು ಕೊನೆಯಲ್ಲ, ಮೊದಲು. ತನ್ನ ನೋವಿಗೆ ಹೆಸರಿಟ್ಟವಳು ವೈದ್ಯನನ್ನು ಪ್ರಶ್ನಿಸುವಳು; ಪ್ರಶ್ನಿಸಿದವಳು ಒಪ್ಪಿಗೆಯ ಕಾಗದವನ್ನು ಓದಿಸಿ ತಿಳಿದುಕೊಳ್ಳುವಳು; ಅಂತಹ ಹಲವರು ಕೂಡಿದರೆ ಶಾಸನವನ್ನು ತಿದ್ದಿಸುವರು. ೧೯೯೪ರಲ್ಲಿ ಶಿಕಾಗೋ ನಗರದಲ್ಲಿ ಸೇರಿದ ಹನ್ನೆರಡು ಮಂದಿ ಕೃಷ್ಣವರ್ಣೀಯ ಸ್ತ್ರೀಯರು ‘ಸಂತಾನ ನ್ಯಾಯ’ ಎಂಬ ತತ್ತ್ವವನ್ನು ರೂಪಿಸಿದರು. ಮಗುವನ್ನು ಹೆರುವ, ಹೆರದಿರುವ, ಹೆತ್ತ ಮಗುವನ್ನು ಭಯವಿಲ್ಲದೆ ಬೆಳೆಯಿಸುವ ಅಧಿಕಾರಗಳು ಒಟ್ಟಿಗೆ ನಿಲ್ಲತಕ್ಕವು ಎಂಬ ಈ ತತ್ತ್ವವು ಆ ಮಾರ್ಗದಲ್ಲಿಯೇ ಇಟ್ಟ ಮುಂದಿನ ಹೆಜ್ಜೆ.

ವ್ಯಾಕರಣದ ಮತದಲ್ಲಿ ಕ್ರಿಯೆಯಲ್ಲಿ ಸ್ವಾತಂತ್ರ್ಯವಿದ್ದವರಿಗೆ ಮಾತ್ರ ಕರ್ತೃವೆಂಬ ಹೆಸರು ಸಲ್ಲುತ್ತದೆ. ಮಾಂಟ್ಗೊಮೆರಿಯ ಆ ಚಿಕಿತ್ಸಾಲಯದ ವಾಕ್ಯದಲ್ಲಿ ಅನಾರ್ಕಾ ಕರ್ಮಪದವಾಗಿದ್ದಳು, ಕರ್ತೃವಾಗಿದ್ದವನು ವೈದ್ಯನು. ನೂರ ಎಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿರುವ ಪ್ರಯತ್ನವೆಲ್ಲವೂ ಆ ವಾಕ್ಯವನ್ನು ತಿರುಗಿ ಬರೆಯುವ ಪ್ರಯತ್ನವೇ ಆಗಿದೆ. ವೈದ್ಯನು ಬೇಡವೆಂಬುದು ಅದರ ತಾತ್ಪರ್ಯವಲ್ಲ. ತನ್ನ ಶರೀರದ ವಿಷಯವಾಗಿ ಆಡುವ ಪ್ರತಿಯೊಂದು ವಾಕ್ಯದಲ್ಲಿಯೂ ಸ್ತ್ರೀಯು ಕರ್ತೃವಾಗಿರತಕ್ಕದ್ದು. ವೈದ್ಯ, ಔಷಧ, ಶಾಸನ ಇವೆಲ್ಲವೂ ಅವಳಿಗೆ ಕರಣಗಳಾಗತಕ್ಕವು. ಅಷ್ಟಾದಾಗ ಆರೋಗ್ಯವು ಸ್ವಾಸ್ಥ್ಯವೆನಿಸುವುದು. ೫೦.೩ಕ್ಕೂ ೧೪.೫ಕ್ಕೂ ನಡುವೆ ಇರುವ ಅಂತರವು ಆ ವಾಕ್ಯವು ಇನ್ನೂ ಪೂರ್ತಿಯಾಗಿ ತಿದ್ದಲ್ಪಟ್ಟಿಲ್ಲವೆಂಬುದಕ್ಕೆ ಪ್ರಮಾಣವಾಗಿದೆ.