ಹೊರಗಿನ ಡಿಸ್ಕಿನಿಂದ ನಡೆಯುವ ಗಣಕಯಂತ್ರ: ನವೀಕರಣ ಅರ್ಧಕ್ಕೆ ನಿಂತಾಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅವರು ನನ್ನಿಂದ ಹಳೆಯ ನೆನಪುಗಳನ್ನು ಅಪೇಕ್ಷಿಸಿದ್ದರೆಂಬುದು ನನಗೆ ಗೊತ್ತು. ನೆನಪುಗಳನ್ನು ಬರೆಯುವವರು ಈ ಸಂಚಿಕೆಯಲ್ಲಿ ಸಾಕಷ್ಟು ಮಂದಿ ಇದ್ದಾರೆ. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ, ಎಪ್ಪತ್ತು ದಾಟಿದ ಮೇಲೆ ಗಣಕಯಂತ್ರದ ಮುಂದೆ ಕುಳಿತ ನಾನು, ಈ ಸಂಚಿಕೆಯ ಸಿದ್ಧತೆಯಲ್ಲಿಯೇ ಎದುರಿಸಿದ ಒಂದು ಸಂಕಟವನ್ನೂ ಅದರ ಪರಿಹಾರವನ್ನೂ ಇಲ್ಲಿ ವಿವರಿಸಬಯಸುತ್ತೇನೆ. ಶಾಲೆಯ ದಾಖಲೆಗಳನ್ನು ಗಣಕಯಂತ್ರದಲ್ಲಿಟ್ಟುಕೊಂಡಿರುವ ನನ್ನಂಥ ಇತರರಿಗೆ ಇದರಿಂದ ಪ್ರಯೋಜನವಾದೀತು.

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಶಿರೋಳ ತಾಲೂಕಿನವರು ಯಾರೂ ಮರೆತಿಲ್ಲ. 2005ರದು ಒಂದು, 2021ರದು ಇನ್ನೊಂದು. ಆದರೆ 2019ರಲ್ಲಿ ಕೃಷ್ಣೆ ಮತ್ತು ಪಂಚಗಂಗೆ ಸೇರಿ ಊರೊಳಗೆ ಬಂದ ರೀತಿಯೇ ಬೇರೆ. ಶಾಲೆಯ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿದ್ದ ದಾಖಲಾತಿ ರಿಜಿಸ್ಟರುಗಳು ನೆಂದು ಹಿಟ್ಟಿನ ಮುದ್ದೆಯಂತಾದವು. ಒಂದೊಂದೇ ಹಾಳೆಯನ್ನು ಬಿಡಿಸಿ, ಹಗ್ಗದ ಮೇಲೆ ಒಣಗಿಸಿ, ಓದಲು ಬರುವಷ್ಟನ್ನು ಛಾಯಾಚಿತ್ರ ತೆಗೆದೆವು. ಮೂಲ ಹಾಳೆಗಳಲ್ಲಿ ಬಹುಪಾಲು ಆಮೇಲೆ ಬೂಷ್ಟು ಹಿಡಿದು ಹೋದವು. ಈ ಸಂಚಿಕೆಯ ಕೊನೆಯಲ್ಲಿ ಅಚ್ಚಾಗಿರುವ ಮೊದಲ ತಂಡದ ವಿದ್ಯಾರ್ಥಿಗಳ ಪಟ್ಟಿಗೆ ಆ ಛಾಯಾಚಿತ್ರಗಳ ಹೊರತು ಬೇರೆ ಆಧಾರವಿಲ್ಲ.

ಆ ಚಿತ್ರಗಳೆಲ್ಲ ಇದ್ದದ್ದು ಒಂದು ಟಿಬಿ ಗಾತ್ರದ ಪುಟ್ಟ ಹೊರಗಿನ ಡಿಸ್ಕಿನಲ್ಲಿ. ನನ್ನ ಮಗಳು ತಾನು ಬಳಸಿ ಬಿಟ್ಟ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದಳು. 2020ರ ಕೊನೆಯಲ್ಲಿ ಬಂದ, ಎಂ1 ಚಿಪ್ಪಿನ ಮಾದರಿ. ಅದರ ಒಳಗಿನ ಸಂಗ್ರಹ 256 ಜಿಬಿ ಮಾತ್ರ, ಅದೂ ಅವಳ ಸಾಮಾನಿನಿಂದ ತುಂಬಿತ್ತು. ಆದುದರಿಂದ ಹೊರಗಿನ ಡಿಸ್ಕಿನಲ್ಲಿಯೇ ಪ್ರತ್ಯೇಕವಾಗಿ ಆಪರೇಟಿಂಗ್ ಸಿಸ್ಟಮನ್ನು ಹಾಕಿ, "ಅಪ್ಪಾ, ನಿಮ್ಮ ಮನಿ ಇದು, ನನ್ನ ಮನಿ ಒಳಗಿಂದು" ಎಂದು ಒಪ್ಪಿಸಿದಳು. ಯಂತ್ರವು ಹೊರಗಿನ ಡಿಸ್ಕಿನಿಂದ ಎದ್ದು, ಅದರಲ್ಲಿಯೇ ಕೆಲಸ ಮಾಡುತ್ತಿತ್ತು. ಎರಡು ವರ್ಷ ಯಾವ ತಕರಾರೂ ಇರಲಿಲ್ಲ.

ಸಂಚಿಕೆಯ ಕೆಲಸ ಭರದಿಂದ ಸಾಗಿದ್ದಾಗ, ಸೊನೋಮಾ ಎಂಬ ಆವೃತ್ತಿಯಿಂದ ಸೆಕೋಯಾ ಎಂಬ ಆವೃತ್ತಿಗೆ ಹೋಗಬೇಕೆಂದು ಯಂತ್ರ ಸೂಚಿಸಿತು. ನಾನು ಒಪ್ಪಿದೆ. ಇಳಿಸಿಕೊಳ್ಳುವ ಕೆಲಸ ಸುಸೂತ್ರವಾಗಿ ನಡೆಯಿತು, ಯಂತ್ರ ಮರುಪ್ರಾರಂಭವಾಯಿತು, ಬಿಳಿ ಪಟ್ಟಿ ಅರ್ಧದವರೆಗೆ ಬಂದು, ಮತ್ತೆ ಹಳೆಯ ಆವೃತ್ತಿಯೇ ತೆರೆದುಕೊಂಡಿತು. ಆಗ ಡಿಸ್ಕನ್ನು ಒಂದು ಹಬ್ಬಿನ ಮೂಲಕ ಜೋಡಿಸಿದ್ದೆ. ಹಬ್ಬನ್ನು ತೆಗೆದು, ಡಿಸ್ಕನ್ನು ನೇರವಾಗಿ ಜೋಡಿಸಿ ಎರಡನೆಯ ಸಲ ಯತ್ನಿಸಿದೆ; ಫಲ ಅದೇ. ಮೂರನೆಯ ಸಲ ಪಟ್ಟಿ ಮುಗಿದು ಪರದೆ ಬೆಳಗಿದಾಗ ಕಂಡದ್ದು ನನ್ನ ಮನೆಯಲ್ಲ, ಮಗಳ ಮನೆ. ನನ್ನ ಡಿಸ್ಕಿನಿಂದ ಯಂತ್ರ ಎದ್ದೇ ಇರಲಿಲ್ಲ. ಅಚ್ಚಿನ ಮನೆಗೆ ಹಸ್ತಪ್ರತಿ ಕೊಡಲು ಒಂಬತ್ತು ದಿನಗಳಿದ್ದವು. ಆ ರಾತ್ರಿ ನಾನು ಊಟ ಮಾಡಲಿಲ್ಲವೆಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಇಲ್ಲಿ ಓದುಗರು ಒಂದು ಸಂಗತಿಯನ್ನು ತಿಳಿದಿರಬೇಕು. ಇದನ್ನು ನಾನು ಮೊದಲೇ ಅರಿತಿದ್ದರೆ ಉಪವಾಸ ತಪ್ಪುತ್ತಿತ್ತು. 2019ರಲ್ಲಿ ಬಂದ ಕ್ಯಾಟಲಿನಾ ಆವೃತ್ತಿಯಿಂದ ಈಚೆಗೆ ಮ್ಯಾಕ್ ಯಂತ್ರಗಳಲ್ಲಿ ಸಿಸ್ಟಮ್ಮಿಗೆ ಒಂದು ವಿಭಾಗ, ಬಳಕೆದಾರನ ಕಡತಗಳಿಗೆ ಇನ್ನೊಂದು ವಿಭಾಗ. ಸಿಸ್ಟಮ್ ಎಂಬುದು ಅಚ್ಚಾದ ಪಠ್ಯಪುಸ್ತಕವಿದ್ದಂತೆ; ಅದರಲ್ಲಿ ವಿದ್ಯಾರ್ಥಿ ಬರೆಯುವಂತಿಲ್ಲ. ಕಡತಗಳ ವಿಭಾಗ ಅವನ ನೋಟುಬುಕ್ಕು. 2020ರ ಬಿಗ್ ಸರ್ ಆವೃತ್ತಿಯಿಂದ ಆ ಪಠ್ಯಪುಸ್ತಕಕ್ಕೆ ಗಣಿತದ ಲೆಕ್ಕದಿಂದ ಹುಟ್ಟಿದ ಮುದ್ರೆಯನ್ನೂ ಒತ್ತುತ್ತಾರೆ. ಒಂದಕ್ಷರ ಬದಲಾದರೂ ಮುದ್ರೆ ಹೊಂದುವುದಿಲ್ಲ. ನವೀಕರಣವೆಂದರೆ ಹೊಸ ಪಠ್ಯಪುಸ್ತಕವನ್ನು ಸಿದ್ಧಪಡಿಸಿ, ಮುದ್ರೆ ಒತ್ತಿ, ಹಳೆಯದರ ಸ್ಥಾನದಲ್ಲಿ ಇಡುವುದು. ಈ ಕೆಲಸ ಅರ್ಧಕ್ಕೆ ನಿಂತರೆ ಪಠ್ಯಪುಸ್ತಕ ಕೆಟ್ಟಿರಬಹುದು. ನೋಟುಬುಕ್ಕು ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತದೆ. ಆದುದರಿಂದ ಡಿಸ್ಕು ಏಳಲಿಲ್ಲವೆಂದೊಡನೆ ಅದನ್ನು ಅಳಿಸಿ ಹೊಸದಾಗಿ ಕಟ್ಟುವ ಆತುರಕ್ಕೆ ಬೀಳಬಾರದು. ಮರುದಿನ ಬೆಳಿಗ್ಗೆ ಮಗಳ ಸಿಸ್ಟಮ್ಮಿನಿಂದ ನೋಡಿದಾಗ ನನ್ನ ಡಿಸ್ಕು ಗುಪ್ತಪದ ಕೇಳಿ ತೆರೆದುಕೊಂಡಿತು. ರಿಜಿಸ್ಟರುಗಳ ಚಿತ್ರಗಳೆಲ್ಲ ಇದ್ದವು. ಮೊದಲು ಅವನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿದೆ. ದುರಸ್ತಿಯ ಮಾತು ಆಮೇಲೆ.

ನಕಲು ಮುಗಿದ ಮೇಲೆ ಮಗಳಿಗೆ ದೂರವಾಣಿ ಮಾಡಿದೆ.

"ಅಪ್ಪಾ, ಡಿಸ್ಕಿನ ಕೇಬಲ್ ಯಾವ ಪೋರ್ಟಿಗೆ ಹಾಕೀರಿ?"

"ಪರದೆ ಕೀಲಿನ ಬಾಜೂದರಾಗ ಐತಿ. ಯಾಕವ್ವಾ?"

"ಅದನ್ನ ತಗದು ಈಚೀ ಕಡೇದರಾಗ ಹಾಕ್ರಿ. ಚಾರ್ಜರ್ ಆ ಕಡೆ ಹಾಕ್ರಿ."

ನನಗೆ ನಗು ಬಂದಿತು. ಎರಡು ಪೋರ್ಟುಗಳೂ ನೋಡಲು ಒಂದೇ ತೆರನಾಗಿವೆ. ಎರಡರಲ್ಲಿಯೂ ಡಿಸ್ಕು ಎರಡು ವರ್ಷ ಕೆಲಸ ಮಾಡಿದೆ. ಆದರೆ ವಿಷಯ ನಿಜ. ಆಪಲ್ ಸಂಸ್ಥೆಯ ಸ್ವಂತ ಚಿಪ್ಪಿರುವ ಪ್ರತಿಯೊಂದು ಮ್ಯಾಕ್ ಯಂತ್ರದಲ್ಲಿಯೂ ಒಂದು ಯುಎಸ್‌ಬಿ-ಸಿ ಪೋರ್ಟನ್ನು ಡಿಎಫ್‌ಯು ಪೋರ್ಟ್ ಎನ್ನುತ್ತಾರೆ. ಯಂತ್ರ ಪೂರ್ತಿ ಮೂರ್ಛೆ ಹೋದಾಗ ಇನ್ನೊಂದು ಗಣಕಯಂತ್ರವನ್ನು ಜೋಡಿಸಿ ಎಚ್ಚರಿಸುವುದಕ್ಕೆ ಮೀಸಲಾದ ದ್ವಾರವದು. ಆ ಪೋರ್ಟಿಗೆ ಜೋಡಿಸಿದ ಹೊರಗಿನ ಡಿಸ್ಕಿನಲ್ಲಿ ಸಿಸ್ಟಮನ್ನು ಹಾಕಬಾರದು, ನವೀಕರಿಸಬಾರದು. ಬೇರೆ ಪೋರ್ಟನ್ನು ಬಳಸಬೇಕೆಂದು ಸಂಸ್ಥೆಯೇ ತಿಳಿಸಿದೆ. ಕೆಲಸ ಮುಗಿದ ಮೇಲೆ ಯಾವ ಪೋರ್ಟಿಗೆ ಹಾಕಿದರೂ ನಡೆಯುತ್ತದೆ. ಹೀಗಾಗಿಯೇ ದಿನನಿತ್ಯ ಏನೂ ತಿಳಿಯುವುದಿಲ್ಲ, ನವೀಕರಣದ ದಿನ ಮಾತ್ರ ಎಡವುತ್ತೇವೆ. ನನ್ನ ಮಾದರಿಯಲ್ಲಿ ಅದು ಪರದೆಯ ಕೀಲಿಗೆ ಹತ್ತಿರವಿರುವ ಪೋರ್ಟು. ಬೇರೆ ಮಾದರಿಗಳಲ್ಲಿ ಬೇರೆ ಕಡೆ ಇರುತ್ತದೆ, ನೋಡಿ ತಿಳಿದುಕೊಳ್ಳಬೇಕು. ನಮ್ಮ ನೃಸಿಂಹವಾಡಿಯ ದತ್ತ ಮಂದಿರದಲ್ಲಿ ನದಿ ಉಕ್ಕಿದಾಗ ನೀರು ಪಾದುಕೆಗಳ ಮೇಲೆ ಹರಿದು ದಕ್ಷಿಣ ದ್ವಾರದಿಂದ ಹೊರಬೀಳುತ್ತದೆ; ಸ್ನಾನಕ್ಕೆ ಜನ ನೆರೆಯುವುದು ಆ ಬಾಗಿಲಿನಲ್ಲಿಯೇ. ಬಾಗಿಲು ಬಾಗಿಲಿಗೂ ಭೇದವಿದೆಯೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ತೊಡಕು ಒಡೆತನದ್ದು. ಎಂ1 ಮತ್ತು ಅದರ ನಂತರದ ಯಂತ್ರಗಳು ಹೊರಗಿನ ಡಿಸ್ಕಿನಿಂದ ಎದ್ದಂತೆ ಕಂಡರೂ, ಏಳುವ ಮೊದಲ ಹೆಜ್ಜೆ ಯಾವಾಗಲೂ ಒಳಗಿನ ಸಂಗ್ರಹದಲ್ಲಿಯೇ ಆಗುತ್ತದೆ. ಯಾವ ಡಿಸ್ಕಿನ ಯಾವ ಸಿಸ್ಟಮ್ಮಿಗೆ ಏಳಲು ಅನುಮತಿಯಿದೆಯೆಂಬ ಪತ್ರವೂ ಅಲ್ಲಿಯೇ, ಚಿಪ್ಪಿನ ಸಹಿಯೊಂದಿಗೆ ಇರುತ್ತದೆ. ಶಾಲೆ ಬಿಟ್ಟ ದಾಖಲೆಯ ಮೇಲೆ ಮುಖ್ಯಾಧ್ಯಾಪಕರ ಸಹಿ ಇಲ್ಲದಿದ್ದರೆ ಮುಂದಿನ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ, ಹಾಗೆಯೇ ಇದು. ಸಿಸ್ಟಮ್ ಬದಲಾದಾಗ ಆ ಪತ್ರವೂ ಬದಲಾಗಬೇಕು, ಅದಕ್ಕೆ ಒಡೆಯನೆಂದು ನಮೂದಾದ ಬಳಕೆದಾರನ ಗುಪ್ತಪದ ಬೇಕು. ಒಂದು ಯಂತ್ರದಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿದವರು ಇಲ್ಲಿಯೇ ಸಿಕ್ಕಿಕೊಳ್ಳುತ್ತಾರೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಸ್ಟಾರ್ಟಪ್ ಡಿಸ್ಕ್ ಎಂಬಲ್ಲಿ ಹೊರಗಿನ ಡಿಸ್ಕನ್ನು ಆರಿಸಿದರೆ ಯಂತ್ರವೇ ಗುಪ್ತಪದ ಕೇಳುತ್ತದೆ. ನನ್ನ ಯಂತ್ರದಲ್ಲಿ ಅದು ಕೇಳಿದ್ದು ಮಗಳ ಗುಪ್ತಪದವನ್ನು. ಅವಳು ಹೇಳಿದಳು, ಅದು ನನ್ನ ಜನ್ಮದಿನವಾಗಿತ್ತು. ಗುಪ್ತಪದಕ್ಕೆ ಅದು ಯೋಗ್ಯವಲ್ಲವೆಂದು ತಿಳಿಹೇಳಿದೆನಾದರೂ ಮನಸ್ಸಿಗೆ ಸಂತೋಷವಾಯಿತು.

ಈ ಕಾರಣದಿಂದಲೇ ಇನ್ನೊಂದು ಭ್ರಮೆಯನ್ನೂ ಬಿಡಬೇಕು. ಯಂತ್ರದ ಒಳಗಿನ ಸಂಗ್ರಹ ಕೆಟ್ಟರೂ ಹೊರಗಿನ ಡಿಸ್ಕಿನಿಂದ ಕೆಲಸ ಸಾಗಿಸಬಹುದೆಂದು ನಾನು ನಂಬಿದ್ದೆ. ಹಳೆಯ ಇಂಟೆಲ್ ಯಂತ್ರಗಳಲ್ಲಿ ಅದು ಬಹುಮಟ್ಟಿಗೆ ಸಾಧ್ಯವಿತ್ತು. ಎಂ1 ಮಾದರಿಗಳಲ್ಲಿ ಒಳಗಿನ ಸಂಗ್ರಹ ಸಂಪೂರ್ಣ ಸತ್ತರೆ ಯಂತ್ರವೇ ಏಳುವುದಿಲ್ಲ.

ಇಂಟೆಲ್ ಯಂತ್ರಗಳಿಗೆ ಅವುಗಳದೇ ಒಂದು ಪೇಚಿದೆ. ಟಿ2 ಎಂಬ ರಕ್ಷಣಾ ಚಿಪ್ಪಿರುವ, ಬಹುತೇಕ 2018ರಿಂದ 2020ರವರೆಗಿನ ಮಾದರಿಗಳು ಹೊರಗಿನ ಡಿಸ್ಕಿನಿಂದ ಏಳುವುದನ್ನು ಮೊದಲಿನಿಂದಲೇ ನಿಷೇಧಿಸಿರುತ್ತವೆ. ಕಮಾಂಡ್ ಮತ್ತು ಆರ್ ಕೀಲಿಗಳನ್ನು ಒತ್ತಿಹಿಡಿದು ರಿಕವರಿಗೆ ಹೋಗಿ, ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿಯಲ್ಲಿ ಅನುಮತಿ ಕೊಡಬೇಕು.

ಉಳಿದ ಎಚ್ಚರಿಕೆಗಳು ಸಾಮಾನ್ಯವಾದವು. ಖಾಲಿ ಜಾಗ ಬೇಕು; ನಾನು ಈಗ 50 ಜಿಬಿಗಿಂತ ಕಡಿಮೆಯಾಗಲು ಬಿಡುವುದಿಲ್ಲ. ಹಬ್ಬು ಬೇಡ, ಡಿಸ್ಕಿನೊಂದಿಗೆ ಬಂದ ಕೇಬಲ್ಲೇ ಇರಲಿ, ಬೇರೆ ಡಿಸ್ಕುಗಳನ್ನು ಕಳಚಿಡಬೇಕು, ಚಾರ್ಜರ್ ಹಾಕಿರಬೇಕು. ನನ್ನ ಮೊದಲ ಸೋಲಿಗೆ ಹಬ್ಬೇ ಕಾರಣವಾಗಿರಬಹುದು. ಡಿಸ್ಕಿನ ಮಾದರಿ ಎಪಿಎಫ್‌ಎಸ್ ಆಗಿರಬೇಕೆಂದು ಹೇಳುವುದುಂಟು. ಆಗಲೇ ಈಚಿನ ಸಿಸ್ಟಮ್ ಓಡುತ್ತಿರುವ ಡಿಸ್ಕಿನಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ.

ಇಷ್ಟಾದ ಮೇಲೆ ನಾಲ್ಕನೆಯ ಯತ್ನ. ಮಗಳ ಸಿಸ್ಟಮ್ಮಿನಲ್ಲಿ ಡಿಸ್ಕ್ ಯುಟಿಲಿಟಿಯನ್ನು ತೆರೆದು, ಎಲ್ಲ ಸಾಧನಗಳೂ ಕಾಣುವಂತೆ ಮಾಡಿ, ಫಸ್ಟ್ ಏಡ್ ಎಂಬ ಪರೀಕ್ಷೆಯನ್ನು ಕೆಳಗಿನ ವಿಭಾಗಗಳಿಂದ ಆರಂಭಿಸಿ ಕಂಟೇನರ್, ಕೊನೆಗೆ ಇಡೀ ಡಿಸ್ಕಿನವರೆಗೆ ನಡೆಸಿದೆ. ದೋಷವೇನೂ ಕಾಣಲಿಲ್ಲ. ಯಂತ್ರವನ್ನು ಪೂರ್ತಿ ಆರಿಸಿ, ಪವರ್ ಗುಂಡಿಯನ್ನು ಒತ್ತಿಹಿಡಿದು, ಆಯ್ಕೆಗಳ ಪರದೆ ಬಂದಾಗ ಆಪ್ಷನ್ಸ್ ಎಂಬುದನ್ನು ಆರಿಸಿದೆ. ಇದು ರಿಕವರಿ. ಅಲ್ಲಿ ಸಿಸ್ಟಮನ್ನು ಮರಳಿ ಹಾಕುವ ಸೌಲಭ್ಯವಿದೆ. ಯಾವ ಡಿಸ್ಕಿನಲ್ಲಿ ಎಂದು ಕೇಳಿದಾಗ ಹೊರಗಿನದನ್ನು ತೋರಿಸಿದೆ. ಹೀಗೆ ಅಳಿಸದೆ ಮರಳಿ ಹಾಕಿದರೆ ಪಠ್ಯಪುಸ್ತಕ ಮಾತ್ರ ಹೊಸದಾಗುತ್ತದೆ, ನೋಟುಬುಕ್ಕು ಉಳಿಯುತ್ತದೆ. ಅಲ್ಲಿಯೇ ಪಕ್ಕದಲ್ಲಿ ಡಿಸ್ಕ್ ಯುಟಿಲಿಟಿಯ 'ಇರೇಸ್' ಗುಂಡಿಯೂ ಕೈಗೆಟುಕುವಂತಿದೆ. ಅವಸರದ ಕೈಗಳಿಗೆ ಅದು ಅಪಾಯಕಾರಿ.

ಮಧ್ಯಾಹ್ನ ಎರಡು ಗಂಟೆಗೆ ಆರಂಭಿಸಿದ್ದು. ನಡುವೆ ಎರಡು ಸಲ ಪರದೆ ಕಪ್ಪಾಯಿತು. ನಾನು ಕೈಕಟ್ಟಿ ಕುಳಿತೆ. ಪಟ್ಟಿ ಚಲಿಸದಿದ್ದಾಗ ಗುಂಡಿ ಒತ್ತಿ ಆರಿಸುವ ಚಪಲವನ್ನು ಹತ್ತಿಕ್ಕುವುದೇ ಕಠಿಣವಾದ ಭಾಗ. ಮೂರೂಮುಕ್ಕಾಲಿಗೆ ನನ್ನ ಹೆಸರಿನ ಪರದೆ ಬಂದಿತು, ರಿಜಿಸ್ಟರುಗಳ ಕಡತ ಇದ್ದಲ್ಲಿಯೇ ಇತ್ತು.

ಆ ಚಿತ್ರಗಳ ಪ್ರತಿಗಳು ಈಗ ಮೂರು ಡಿಸ್ಕುಗಳಲ್ಲಿವೆ. ಒಂದು ನನ್ನ ಮೇಜಿನ ಮೇಲೆ, ಇನ್ನೊಂದು ಶಾಲೆಯ ಕಪಾಟಿನ ಎಲ್ಲಕ್ಕಿಂತ ಮೇಲಿನ ಅರೆಯಲ್ಲಿ. ಮೂರನೆಯದನ್ನು, ಪೂರದ ನೀರು ಬಾರದ ಎತ್ತರದಲ್ಲಿರುವ ಗಡಹಿಂಗ್ಲಜದ ನನ್ನ ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಹಳೆಯ ವಿದ್ಯಾರ್ಥಿಗಳು ಯಾರಾದರೂ ತಮ್ಮ ದಾಖಲಾತಿಯ ಪುಟವನ್ನು ನೋಡಬಯಸಿದರೆ ಶಾಲೆಯ ಕಚೇರಿಯಲ್ಲಿ ಕೇಳಬಹುದು. ಹೆಸರು ಮತ್ತು ಸೇರಿದ ವರ್ಷ ಹೇಳಿದರೆ ಸಾಕು.