ವಿಕಿರಣಕ್ಕೆ ಗಟ್ಟಿಯಾಗುವ ಕೀಲೆಣ್ಣೆ

ಎತ್ತಿನ ಗಾಡಿಯ ಗಾಲಿ ಕಿರುಗುಟ್ಟತೊಡಗಿದರೆ ಅಚ್ಚಿಗೆ ಕೀಲೆಣ್ಣೆ ಹಾಕುವುದು ರೈತನ ವಾಡಿಕೆ. ಗಾಡಿಯಿರಲಿ, ಅಣುವಿದ್ಯುತ್ ಸ್ಥಾವರವಿರಲಿ, ತಿರುಗುವ ಕೀಲಿಗೆ ಎಣ್ಣೆ ಬೇಕು. ಆದರೆ ಗಾಡಿಯನ್ನು ನಿಲ್ಲಿಸಿ ಎಣ್ಣೆ ಹಾಕಬಹುದು. ರಿಯಾಕ್ಟರ್ ನಡೆಯುತ್ತಿರುವಾಗ ತೀವ್ರ ವಿಕಿರಣದ ಕೋಣೆಗಳಿಗೆ ಮನುಷ್ಯ ಕಾಲಿಡುವಂತಿಲ್ಲ. ಅಲ್ಲಿನ ಎಣ್ಣೆ ತಾನಾಗಿಯೇ ಬಾಳಬೇಕು.

ಅದನ್ನು ಬಾಳಗೊಡದಿರುವುದು ವಿಕಿರಣ. ಖನಿಜ ತೈಲವೆಂದರೆ ಬಹುಮಟ್ಟಿಗೆ ಇಂಗಾಲ, ಜಲಜನಕಗಳ ಸರಪಳಿಗಳು. ಗಾಮಾ ಕಿರಣ ತಗುಲಿದಾಗ ಕೊಂಡಿಗಳು ಕಳಚಿ, ಜಲಜನಕ ಅನಿಲವಾಗಿ ಹೊರಬೀಳುತ್ತದೆ. ಉಳಿದ ತುಂಡುಗಳು ಪಕ್ಕದ ಸರಪಳಿಗೆ ಅಂಟಿಕೊಂಡು ದೊಡ್ಡದಾಗುತ್ತವೆ. ಎಣ್ಣೆ ಮೊದಲು ಮಂದವಾಗುತ್ತದೆ, ಬಳಿಕ ಲೋಳೆಯಾಗುತ್ತದೆ, ಕೊನೆಗೆ ಕರಿದ ಬಾಣಲೆಯ ಅಂಚಿನ ಜಿಡ್ಡಿನಂತೆ ಗಟ್ಟಿಯಾಗುತ್ತದೆ. ಗಾಮಾ ಕಿರಣದಿಂದ ಎಣ್ಣೆ ವಿಕಿರಣಶೀಲವಾಗುವುದಿಲ್ಲ. ಕೆಡುವುದು ಅದರ ಗುಣ ಮಾತ್ರ.

ಗ್ರೀಸಿನ ಕಥೆ ತುಸು ಬೇರೆ. ಎಣ್ಣೆಯನ್ನು ಹಿಡಿದಿಟ್ಟ ಸಾಬೂನಿನ ಹಂದರ ಮೊದಲು ಮುರಿಯುವುದರಿಂದ ಗ್ರೀಸು ಮೆತ್ತಗಾಗಿ ಸೋರುತ್ತದೆ. ಆಮೇಲೆ ಉಳಿದದ್ದು ಗಡುಸಾಗುತ್ತದೆ.

ಇಡೀ ದೇಹಕ್ಕೆ ಒಮ್ಮೆಲೇ ಐದಾರು ಗ್ರೇ ವಿಕಿರಣ ತಗುಲಿದರೆ ಮನುಷ್ಯನ ಪ್ರಾಣಕ್ಕೇ ಅಪಾಯ. ಖನಿಜ ತೈಲ ಲಕ್ಷಗಟ್ಟಲೆ ಗ್ರೇ ತಡೆಯುತ್ತದೆ. ಆದರೆ ಪೆಟ್ಟು ವರ್ಷವರ್ಷಕ್ಕೂ ಕೂಡುತ್ತ ಹೋಗುತ್ತದೆ. ಜಾರುಗುಣಕ್ಕೆ ಹೆಸರಾದ ಟೆಫ್ಲಾನ್ ಇಲ್ಲಿ ಎಣ್ಣೆಗಿಂತಲೂ ದುರ್ಬಲ.

ಹೆಚ್ಚು ತಾಳುವುದು ಬೆಂಜೀನ್ ಉಂಗುರವುಳ್ಳ ತೈಲಗಳು. ಬಿದ್ದ ಶಕ್ತಿಯನ್ನು ಉಂಗುರ ತನ್ನೊಳಗೇ ಹಂಚಿಕೊಳ್ಳುವುದರಿಂದ ಕೊಂಡಿ ಸುಲಭವಾಗಿ ಮುರಿಯದು. ಈ ಗುಣವನ್ನು ನೆಚ್ಚಿ ಟರ್ಫಿನೈಲ್ ತೈಲವನ್ನೇ ರಿಯಾಕ್ಟರ್ ತಣಿಸಲು ಬಳಸಿದ್ದೂ ಉಂಟು. ಅಮೆರಿಕದ ಓಹಾಯೊ ರಾಜ್ಯದ ಪಿಕ್ವಾದಲ್ಲಿ 1963ರಲ್ಲಿ ಆರಂಭವಾದ ಅಂಥ ಸ್ಥಾವರ ತಾಂತ್ರಿಕ ತೊಂದರೆಗಳಿಂದ 1966ರಲ್ಲೇ ನಿಂತಿತು. ಕೆನಡಾದ ವೈಟ್‌ಶೆಲ್‌ನ ಸಂಶೋಧನಾ ರಿಯಾಕ್ಟರ್ ಮಾತ್ರ ಅದೇ ಬಗೆಯ ತೈಲದಿಂದ 1965ರಿಂದ 1985ರವರೆಗೆ ನಡೆಯಿತು. ಎಣ್ಣೆಯೇ ನಿಲ್ಲದ ಕಡೆ ಗ್ರಾಫೈಟ್, ಮಾಲಿಬ್ಡಿನಂ ಡೈಸಲ್ಫೈಡ್‌ಗಳಂಥ ಪುಡಿಗಳು ನೆರವಾಗುತ್ತವೆ.

ಉತ್ತರ ಕನ್ನಡದ ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರ್ 31ರಂದು ನಿಂತಾಗ 962 ದಿನ ಎಡೆಬಿಡದೆ ಓಡಿತ್ತು. ಅಂಥ ಓಟದ ನಡುವೆ ಒಂದು ಕವಾಟ ಅಂಟಿಕೊಂಡರೆ ಸ್ಥಾವರವನ್ನೇ ನಿಲ್ಲಿಸಬೇಕಾದೀತು. ಆಪತ್ತಿನ ಹೊತ್ತಿನಲ್ಲಿ ಅಂಟಿಕೊಂಡರಂತೂ ಕೇಡು ಇನ್ನೂ ದೊಡ್ಡದು. ಆದ್ದರಿಂದ ಯಾವ ಕೀಲಿಗೆ ಎಷ್ಟು ವಿಕಿರಣ ಬಿದ್ದೀತೆಂದು ಮೊದಲೇ ಲೆಕ್ಕಹಾಕಿ, ಅವಧಿಗೆ ಮುಂಚೆಯೇ ಎಣ್ಣೆ ಬದಲಿಸಬೇಕು. ಗಾಡಿಯ ಗಾಲಿ ಕಿರುಗುಟ್ಟಿ ಎಚ್ಚರಿಸುತ್ತದೆ. ದಪ್ಪ ಕಾಂಕ್ರೀಟ್ ಗೋಡೆಯಾಚೆ ಕೀಲು ಕಿರುಗುಟ್ಟಿದರೆ ಕೇಳುವವರಾರು?